ಮುಖದ ರೋಮ: ಸಂಕೋಚ ಬೇಡ, ಎಚ್ಚರವಿರಲಿ

ಮೇಲ್ದುಟಿಯ ಮೇಲೆ, ಗದ್ದದಲ್ಲಿ ರೋಮ ಮೂಡಿದರೆ ಅನೇಕ ತಾಯಂದಿರು ಸಂಕೋಚದಿಂದ ವೈದ್ಯರಿಗೂ ಹೇಳುವುದಿಲ್ಲ. ಕ್ಷೌರದಿಂದ ರೋಮ ದಪ್ಪವಾಗುತ್ತದೆಂಬುದು ತಪ್ಪು ತಿಳಿವಳಿಕೆ. ರೋಮದ ಮೂಲವಿರುವುದು ಚರ್ಮದೊಳಗೆ. ಅಲಗು ಅಲ್ಲಿಗೆ ತಲುಪದು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಮುಟ್ಟಿದಾಗ ಒರಟೆನಿಸುತ್ತದೆ, ಅಷ್ಟೆ.

ಮುಖಕ್ಕೆಂದೇ ತಯಾರಿಸಿದ, ಒಂದೇ ಅಲಗಿನ ಸಣ್ಣ ರೇಜರ್ ಆರಿಸಿಕೊಳ್ಳಿರಿ. ಉಗುರುಬೆಚ್ಚನೆಯ ನೀರಿನಲ್ಲಿ ಮುಖ ತೊಳೆದು, ಲೋಳೆಸರದ ತಿರುಳು ಸವರಿ, ಚರ್ಮವನ್ನು ಮೆಲ್ಲನೆ ಬಿಗಿಹಿಡಿದು, ರೋಮ ಬೆಳೆದ ದಿಕ್ಕಿನಲ್ಲಿಯೇ ಹಗುರವಾಗಿ ಎಳೆಯಿರಿ. ಮೊಡವೆ, ಗಾಯಗಳಿದ್ದೆಡೆ ಬೇಡ. ಅಲಗು ಮೊಂಡಾದೊಡನೆ ಬದಲಿಸಿರಿ. ಒಬ್ಬರ ರೇಜರನ್ನು ಮತ್ತೊಬ್ಬರು ಬಳಸಬಾರದು.

ಗಡುಸು ರೋಮ ಹೆಚ್ಚುತ್ತಿದ್ದು, ಋತುಚಕ್ರವೂ ಏರುಪೇರಾಗಿದ್ದರೆ ಪಿ.ಸಿ.ಓ.ಡಿ. ಇರಬಹುದು. ರೋಮ ತೆಗೆದು ಸುಮ್ಮನಾಗದೆ ವೈದ್ಯರನ್ನು ಕಾಣಬೇಕು. ಕೆಲವೇ ತಿಂಗಳುಗಳಲ್ಲಿ ರೋಮ ಹೆಚ್ಚಿ, ಧ್ವನಿಯೂ ಗಡುಸಾದರೆ ತಡಮಾಡಲೇಬಾರದು.