ಮನೆಯಿಲ್ಲದವನು ಕೊಟ್ಟ ಕಿಟಕಿ



ತಲೆಯ ಮೇಲೆ ಸೂರಿಲ್ಲದಂತಾದೀತೆಂಬ ಭಯ ಒಂದು, ಮದ್ದಿಲ್ಲದ ರೋಗ ಬಂದೀತೆಂಬ ಭಯ ಇನ್ನೊಂದು. ಇವೆರಡೂ ಒಬ್ಬನ ಮೇಲೆಯೇ ಎರಗಿದರೆ ಆತನ ಪಾಲಿಗೆ ಸಂತೋಷವೆಂಬುದು ಉಳಿದೀತೆ? ಉಳಿಯುತ್ತದೆ ಎಂಬುದಕ್ಕೆ ಪರದೇಶದಲ್ಲಿ ನಡೆದ ಸಂಗತಿಯೊಂದನ್ನು ತಮ್ಮ ಮುಂದಿಡುತ್ತೇವೆ.

ಪೋಲೆಂಡ್ ದೇಶದ ಡೇವಿಡ್ ಟಾಸ್ಮಾ ಎಂಬ ಯಹೂದಿ ನೆಲೆ ತಪ್ಪಿ ಲಂಡನ್ನಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿದ್ದ. ತನ್ನವರೆಂಬವರು ಹತ್ತಿರ ಇರಲಿಲ್ಲ. ನಲವತ್ತರ ಪ್ರಾಯದಲ್ಲಿಯೇ ವಾಸಿಯಾಗದ ಕ್ಯಾನ್ಸರ್ ತಗುಲಿ, 1948ರ ಆರಂಭದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದ. ಹುಟ್ಟಿದ್ದೇ ವ್ಯರ್ಥವಾಯಿತು, ಲೋಕದಲ್ಲಿ ತನ್ನದೊಂದು ಗುರುತೂ ಉಳಿಯದು ಎಂಬ ಕೊರಗು ನೋವಿನೊಡನೆ ಸೇರಿಕೊಂಡಿತ್ತು.

ರೋಗಿಗಳ ಕಷ್ಟಸುಖ ವಿಚಾರಿಸುವ ಕೆಲಸದಲ್ಲಿದ್ದ ಸಿಸಿಲಿ ಸಾಂಡರ್ಸ್ ಎಂಬ ಹೆಣ್ಣುಮಗಳು ಮತ್ತೆ ಮತ್ತೆ ಹೋಗಿ ಆತನ ಬಳಿ ಕೂರುತ್ತಿದ್ದರು. ಸಾಯುವವರಿಗೆ ನೋವಿನ ಶಮನವೂ ಮಾತಾಡಲು ಬಿಡುವೂ ಸಿಗುವಂಥ ಒಂದು ಮನೆ ಇರಬೇಕೆಂದು ಇಬ್ಬರೂ ಮಾತಾಡಿಕೊಂಡರು. ಅದೇ ಫೆಬ್ರವರಿಯಲ್ಲಿ ಟಾಸ್ಮಾ ತೀರಿಕೊಂಡ. ತನ್ನಲ್ಲಿದ್ದ 500 ಪೌಂಡುಗಳನ್ನು ಆಕೆಗೆ ಬಿಟ್ಟು, ಆ ಮನೆಗೆ ತಾನೊಂದು ಕಿಟಕಿಯಾಗುವೆನೆಂದು ಹೇಳಿಹೋಗಿದ್ದ. ಮನೆಗೆ ಬುನಾದಿಯೇ ಬಿದ್ದಿರಲಿಲ್ಲ, ಕಿಟಕಿಯ ಹಣ ಮೊದಲು ಬಂದಿತ್ತು!

ಆ ತಾಯಿ ಮುಂದೆ ವೈದ್ಯಶಾಸ್ತ್ರ ಓದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆ ಮನೆ ಲಂಡನ್ನಿನಲ್ಲಿ ತೆರೆಯಿತು. ಒಂದು ಕಿಟಕಿಯ ಸುತ್ತ ಮನೆ ಕಟ್ಟಲು 19 ವರ್ಷ ಹಿಡಿಯಿತು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಬಂಧುಬಳಗದ್ದು, ಆತ್ಮದ್ದೂ ಹೌದೆಂದು ಅವರು ಕಲಿಸಿದರು. ನೋವು ಏರಿದ ಮೇಲಲ್ಲ, ಏರುವ ಮುನ್ನವೇ ಹೊತ್ತುಹೊತ್ತಿಗೆ ಔಷಧಿ ಕೊಡಬೇಕೆಂದು ತೋರಿಸಿಕೊಟ್ಟರು. ಈ ದಾರಿ ನಮ್ಮ ನಾಡಿಗೂ ಬಂದಿದೆ. 1986ರಲ್ಲಿ ಮುಂಬಯಿಯಲ್ಲಿ ಇಂಥ ಮನೆ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯ 1999ರಲ್ಲಿ ಬಾಗಿಲು ತೆರೆದು, ಕ್ಯಾನ್ಸರಿನ ಕಡೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ.

ಟಾಸ್ಮಾನಿಗೆ ರೋಗ ವಾಸಿಯಾಗಲಿಲ್ಲ, ಮನೆಯೂ ದೊರೆಯಲಿಲ್ಲ. ಆದರೂ ಕೊಡುವವನಾದ. ಪಡೆಯುವ ಕೈ ಕೊಡುವ ಕೈಯಾದ ಗಳಿಗೆಯಲ್ಲಿ ದೈನ್ಯ ಅಳಿಯುತ್ತದೆ, ಆನಂದ ಮೂಡುತ್ತದೆ. ಶರಣರು ದಾಸೋಹವೆಂದದ್ದು ಈ ಭಾವವನ್ನೇ. ದಾಸೋಹಕ್ಕೆ ಸಿರಿವಂತಿಕೆ ಬೇಕಿಲ್ಲ, ಸಾಯುವವನೂ ಮಾಡಬಲ್ಲ.

ನಮ್ಮ ಹಳ್ಳಿಗಳಲ್ಲಿ ವೈದ್ಯರು ಕೈಚೆಲ್ಲಿದರೆಂದು ಹಿರಿಯರನ್ನು ಮನೆಗೆ ತಂದು ಮೂಲೆಯಲ್ಲಿ ಮಲಗಿಸಿ, ಹಿಂದಿನ ಕರ್ಮವೆಂದು ಪಿಸುಗುಟ್ಟುವುದುಂಟು. ಹಾಗೆ ಮಾಡಲಾಗದು. ರೋಗ ಹೋಗದಿದ್ದರೂ ನೋವು ತಗ್ಗಿಸಬಹುದು, ವೈದ್ಯರನ್ನು ಕೇಳಿರಿ. ಗಂಜಿ ಕುಡಿಸುವುದರ ಜೊತೆಗೆ ಅವರ ಮಾತನ್ನೂ ಕೇಳಿರಿ. ಮೊಮ್ಮಗನಿಗೆ ಒಂದು ಕಥೆ, ಸೊಸೆಗೊಂದು ಹರಕೆ, ಹೊಲದ ಬಗ್ಗೆ ಒಂದು ಸಲಹೆ ಕೊಡಲು ಅವರಿಗೆ ಅವಕಾಶವಿರಲಿ. ಸ್ವಂತ ಮನೆಯಲ್ಲಿದ್ದೂ ಮಾತಾಡಿಸುವವರಿಲ್ಲದವನು ನಿಜವಾದ ನಿರ್ಗತಿಕ. ದಾರಿಬದಿಯಲ್ಲಿದ್ದರೂ ಪಕ್ಕದಲ್ಲಿ ಒಬ್ಬರು ಕುಳಿತರೆ ಅದೇ ಅವನಿಗೆ ಮನೆ.

ಅಂಥ ಮನೆಗೆ ಒಂದೊಂದು ಕಿಟಕಿಯಾಗುವ ಬುದ್ಧಿ ಎಲ್ಲರಿಗೂ ಬರಲೆಂದು ಹಾರೈಸುತ್ತೇವೆ. ಸರ್ವರಿಗೂ ಶುಭವಾಗಲಿ.