ಉಸಿರು ಎಣಿಸುವ ಒಂದು ನಿಮಿಷ

ಸಂಜೆ ಏಳೂವರೆಗೆ ಹೊಸೂರು ರಸ್ತೆ ಮೂರು ಅಂತಸ್ತಿನಲ್ಲಿ ಓಡುತ್ತಿರುತ್ತದೆ. ಕೆಳಗೆ ಅತ್ತಿಬೆಲೆ, ಆನೇಕಲ್ಲಿನ ಬಸ್ಸುಗಳು, ಕಾರ್ಖಾನೆಯ ವ್ಯಾನುಗಳು. ಮೇಲ್ಸೇತುವೆಯಲ್ಲಿ ಸಿಲ್ಕ್ ಬೋರ್ಡಿನತ್ತ ಹೊರಟ ಕ್ಯಾಬುಗಳ ಸಾಲು. ಅದಕ್ಕೂ ಮೇಲೆ, 2025ರ ಆಗಸ್ಟಿನಿಂದ, ಬೊಮ್ಮಸಂದ್ರದವರೆಗೆ ಹೋಗಿಬರುವ ಹಳದಿ ಮಾರ್ಗದ ಮೆಟ್ರೊ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯುವ ಜನರ ನಡುವೆ ಊಟದ ಡಬ್ಬಿ, ಸ್ವೆಟರು ತುಂಬಿದ ಚೀಲ ಹಿಡಿದ ಹುಡುಗಿಯರು ಬಿರಬಿರನೆ ನಡೆಯುತ್ತಾರೆ. ರಾತ್ರಿ ಪಾಳಿಯ ಸಿಸ್ಟರ್‌ಗಳು. ಒಬ್ಬಳು ಕೊಟ್ಟಾಯಂ ಕಡೆಯವಳು, ಒಬ್ಬಳು ಇಂಫಾಲದವಳು, ಇನ್ನೊಬ್ಬಳು ಹಾಸನದವಳು.

ಎಂಟಕ್ಕೆ ಸರ್ಜಿಕಲ್ ವಾರ್ಡಿನಲ್ಲಿ ಹ್ಯಾಂಡ್‌ಓವರ್. ಹಗಲಿನವಳು ಕೇಸ್‌ಶೀಟ್ ಹಿಡಿದು ಮಂಚದಿಂದ ಮಂಚಕ್ಕೆ ಸಾಗುತ್ತಾಳೆ, ರಾತ್ರಿಯವಳು ಕಣ್ಣಾಡಿಸುತ್ತಾಳೆ. ಡ್ರೈನ್ ಬಾಟಲಿಯಲ್ಲಿ ಬಿದ್ದದ್ದು ಎಷ್ಟು, ಬಣ್ಣ ಯಾವುದು? ಯೂರಿನ್ ಬ್ಯಾಗ್ ಎಷ್ಟು ತುಂಬಿದೆ? ಅರವತ್ತು ಕೆಜಿ ತೂಕದವರಿಗೆ ಗಂಟೆಗೆ 30 ಮಿಲಿಲೀಟರಾದರೂ ಬರಬೇಕು. ಅದಕ್ಕಿಂತ ಇಳಿದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲವೇನೋ ಎಂಬ ಶಂಕೆ. ಕ್ಯಾನುಲಾ ಚುಚ್ಚಿದ ಕೈ ಕೆಂಪಾಗಿದೆಯೆ? ಮೀನಖಂಡ ಒಂದೇ ಕಡೆ ಊದಿದೆಯೆ? ಅಲ್ಲಿ ಹೆಪ್ಪುಗಟ್ಟಿದ ರಕ್ತ ಜಾರಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡರೆ, ನಾಳೆ ಡಿಸ್ಚಾರ್ಜ್ ಎಂದು ಬಟ್ಟೆ ಮಡಚಿಟ್ಟವರೂ ಕ್ಷಣದಲ್ಲಿ ಕುಸಿಯಬಹುದು.

ಬಾಗಿಲ ಪಕ್ಕದ ಮಂಚದಲ್ಲಿ ಜಿಗಣಿ ಕಡೆಯ ಕಾರ್ಖಾನೆಯ ಹುಡುಗ. ಮಧ್ಯಾಹ್ನ ಲೋಡ್ ಇಳಿಸುವಾಗ ಕಾಲು ಜಜ್ಜಿ, ಮೊಣಕಾಲ ಕೆಳಗೆ ಪ್ಲಾಸ್ಟರ್. ನೋವಿನ ಇಂಜೆಕ್ಷನ್ ಕೊಟ್ಟು ಗಂಟೆಯಾದರೂ ನರಳುತ್ತಿದ್ದಾನೆ. ಮೂಳೆ ಮುರಿದರೆ ನೋವು ಸಹಜ ತಾನೇ ಎಂದು ಪಕ್ಕದ ಮಂಚದವರು. ಹಾಸನದ ಸಿಸ್ಟರ್ ಅವನ ಕಾಲ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸುತ್ತಾಳೆ. ಹುಡುಗ ಚೀರುತ್ತಾನೆ. ಗಾಯಕ್ಕೆ ಮೀರಿದ ನೋವು, ಬೆರಳು ಎಳೆದರೆ ಹೆಚ್ಚುವ ನೋವು: ಪ್ಲಾಸ್ಟರಿನೊಳಗೆ ಮಾಂಸಖಂಡ ಊದಿ, ತನ್ನದೇ ಒತ್ತಡದಲ್ಲಿ ರಕ್ತ ಸಿಗದೆ ಸಾಯಲು ತೊಡಗಿರಬಹುದು. ಪಾದದಲ್ಲಿ ನಾಡಿ ಸಿಗುತ್ತಿದೆ ಎಂದು ಸುಮ್ಮನಿರುವಂತಿಲ್ಲ, ನಾಡಿ ನಿಲ್ಲುವುದು ಎಲ್ಲಕ್ಕಿಂತ ಕೊನೆಗೆ. ಕೈಯಲ್ಲಿರುವುದು ಕೆಲವೇ ಗಂಟೆ. ಅವಳು ಮೂಳೆ ಡಾಕ್ಟರಿಗೆ ಫೋನ್ ಹಚ್ಚುತ್ತಾಳೆ. ಅರ್ಧ ಗಂಟೆಯಲ್ಲಿ ಪ್ಲಾಸ್ಟರ್ ಸೀಳುತ್ತಾರೆ, ಹುಡುಗನನ್ನು ಥಿಯೇಟರಿಗೆ ಒಯ್ಯುತ್ತಾರೆ.

ಈ ವಾರ್ಡಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು, ನೋಡುವವರಿಗೆ ಕೆಲಸ ಅಂತಲೇ ಅನಿಸದ ಒಂದು ಕೆಲಸ. ಸಿಸ್ಟರ್ ರೋಗಿಯ ಮಣಿಕಟ್ಟು ಹಿಡಿದು ನಿಲ್ಲುತ್ತಾಳೆ. ನಾಡಿ ನೋಡುತ್ತಿದ್ದಾಳೆಂದು ನಾವು ತಿಳಿಯುತ್ತೇವೆ. ನಾಡಿ ಮುಗಿದಿರುತ್ತದೆ, ಅವಳ ಕಣ್ಣು ಎದೆಯ ಏರಿಳಿತದ ಮೇಲಿರುತ್ತದೆ. ಉಸಿರು ಎಣಿಸುತ್ತಿದ್ದೇನೆ ಎಂದು ಹೇಳಿದರೆ ರೋಗಿಯ ಉಸಿರಾಟವೇ ಬದಲಾಗಿಬಿಡುತ್ತದೆ, ಅದಕ್ಕೇ ಈ ಮರೆ. ಎಣಿಸಬೇಕಾದ್ದು ಪೂರ್ತಿ ಒಂದು ನಿಮಿಷ. ಬಿ.ಪಿ., ನಾಡಿ, ಆಕ್ಸಿಜನ್ ಪ್ರಮಾಣವನ್ನು ಯಂತ್ರ ತೋರಿಸುತ್ತದೆ. ವಾರ್ಡುಗಳಲ್ಲಿ ಉಸಿರನ್ನು ಮಾತ್ರ ಇನ್ನೂ ಹೆಚ್ಚಾಗಿ ಮನುಷ್ಯರೇ ಎಣಿಸಬೇಕು. ದೇಹ ಹದಗೆಡುವಾಗ ಬಹಳ ಸಲ ಮೊದಲು ಏರುವುದೂ ಅದೇ. ಬಿ.ಪಿ. ನಂಬಿ ಕೂರುವಂತಿಲ್ಲ. ರಕ್ತನಾಳಗಳು ಬಿಗಿದುಕೊಂಡು, ಹೃದಯ ಜೋರಾಗಿ ಬಡಿದು, ವಯಸ್ಸಿನ ಹುಡುಗರಲ್ಲಿ ಅದನ್ನು ಗಂಟೆಗಟ್ಟಲೆ ಎತ್ತಿ ಹಿಡಿದಿರುತ್ತವೆ. ಅದು ಬಿದ್ದಾಗ ಹೊತ್ತು ಮೀರಿರುತ್ತದೆ.

ರಾತ್ರಿ ಒಂದೂವರೆ. ಬಾಗಲಕೋಟೆ ಕಡೆಯ ಯುವಕ ಡೆಸ್ಕಿನ ಬಳಿ ಬಂದು ನಿಲ್ಲುತ್ತಾನೆ. ಇಲ್ಲೇ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ತಂದೆಗೆ ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ.

"ಸಿಸ್ಟರ್, ಅಪ್ಪ ಯಾಕೋ ಒಂಥರಾ ಮಾಡಾಕತ್ತಾನ್ರೀ. ಹಗಲೆಲ್ಲ ಛಲೋ ಇದ್ದ. ಈಗ ಎತ್ತಿಗೆ ನೀರು ಕುಡಿಸೀಯೇನು ಅಂತ ಕೇಳ್ತಾನ. ಎತ್ತು ಮಾರಿ ಆರು ವರ್ಷ ಆತು."

ನಿದ್ದೆಗಣ್ಣಿನಲ್ಲಿ ಏನೋ ಅಂದಿದ್ದಾರೆ, ಮಲಗಿ ಎಂದು ಕಳಿಸಬಹುದಿತ್ತು. ಸಿಸ್ಟರ್ ಎದ್ದು ಹೋಗುತ್ತಾಳೆ. "ತಾತ, ಇದು ಯಾವ ಊರು?" ಮುದುಕರು ತಮ್ಮ ಹಳ್ಳಿಯ ಹೆಸರು ಹೇಳುತ್ತಾರೆ. ಉಸಿರು 24. ನಾಡಿ 112. ಆಕ್ಸಿಜನ್ 95. ಜ್ವರ 101. ಬಿ.ಪಿ. 118, ಏನೂ ಆಗಿಲ್ಲವೆಂಬಂತೆ. ಹೊಟ್ಟೆ ಬಿಗಿದಿದೆ.

ಇದನ್ನು ಅಳೆಯುವುದಕ್ಕೆ ಒಂದು ಲೆಕ್ಕವಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆ ಅಂಕಗಳ ಪಟ್ಟಿ. ಒಟ್ಟು 5 ಮುಟ್ಟಿದರೆ ವೈದ್ಯರು ತುರ್ತಾಗಿ ನೋಡಬೇಕು, 7 ಮುಟ್ಟಿದರೆ ತೀವ್ರ ನಿಗಾದವರೇ ಬರಬೇಕು. ತಾತನ ಅಳತೆಗಳಿಂದ ಬಂದದ್ದು ಆರು. 2017ರ ಪರಿಷ್ಕರಣೆಯಲ್ಲಿ ಹೊಸದಾಗಿ ಕಾಣಿಸಿದ ಗಲಿಬಿಲಿಗೂ ಮೂರು ಅಂಕ ಸೇರಿಸಿದರು. ಹೀಗಾಗಿ ಎತ್ತಿನ ಮಾತಿಗೇ ಮೂರು. ಒಟ್ಟು ಒಂಬತ್ತು.

ಅವಳು ಡ್ಯೂಟಿ ಡಾಕ್ಟರಿಗೆ ಹೇಳುವ ರೀತಿ ನೋಡಬೇಕು. ಯಾವ ರೋಗಿ, ಏನು ಆಪರೇಷನ್, ಈಗ ಏನಾಗಿದೆ, ತನ್ನ ಅನುಮಾನವೇನು, ಈಗಿಂದೀಗ ಏನು ಬೇಕು. "ಕರುಳು ಜೋಡಿಸಿದ ಕಡೆ ಸೋರ್ತಿರಬಹುದು ಸರ್, ಸೋಂಕು ಮೈಗೆಲ್ಲ ಏರಿ ಸೆಪ್ಸಿಸ್ ಅನಿಸ್ತಿದೆ. ನೀವು ಬಂದೇ ನೋಡಬೇಕು." ಆ ಕೊನೆಯ ಮಾತನ್ನು ಇಪ್ಪತ್ತಾರರ ಹುಡುಗಿ ಅಪರಾತ್ರಿಯಲ್ಲಿ ಡಾಕ್ಟರಿಗೆ ಅಳುಕದೆ ಹೇಳಬೇಕಾದರೆ ಓದಿನ ಜೊತೆ ಎದೆಗಾರಿಕೆಯೂ ಬೇಕು. ಡಾಕ್ಟರು ಬರುತ್ತಾರೆ. ರಕ್ತದ ಮಾದರಿ, ಆಂಟಿಬಯೋಟಿಕ್, ಸಿ.ಟಿ. ಸ್ಕ್ಯಾನ್. ಮೂರೂವರೆಗೆ ತಾತ ಮತ್ತೆ ಥಿಯೇಟರಿನಲ್ಲಿ.

ಮನೆಯವರ "ಒಂಥರಾ"ಕ್ಕೆ ಕಿವಿಗೊಡದಿದ್ದರೆ ಏನಾಗುತ್ತದೆಂದು ಇಂಗ್ಲೆಂಡು ನೊಂದು ಕಲಿತಿದೆ. 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಆಸ್ಪತ್ರೆಯಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ತಾಯಿ ತಂದೆ ಆತಂಕ ಹೇಳಿಕೊಂಡಿದ್ದರು, ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಮನೆಯವರೇ ಇನ್ನೊಂದು ತಂಡವನ್ನು ಕರೆಸಬಹುದೆಂಬ ವ್ಯವಸ್ಥೆ ಅವಳ ಹೆಸರಿನಲ್ಲಿ 2024ರಿಂದ ಅಲ್ಲಿನ ಆಸ್ಪತ್ರೆಗಳಿಗೆ ಬಂತು. ನಮ್ಮಲ್ಲಿ ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿ ಮಲಗುವ ಅಟೆಂಡರ್ ಮೊದಲಿಂದಲೂ ಇದ್ದಾರೆ. ಅವರಿಗೇ ಕಲಿಸಿದರೆ ಹೇಗೆ ಎಂಬ ಯೋಚನೆ ಕೈಗೂಡಿದ್ದು ಇದೇ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ನಾರಾಯಣ ಹೃದಯಾಲಯದ ಜೊತೆ ಸೇರಿ ಆರಂಭಿಸಿದ ಯತ್ನವೇ ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಯಿತು. ನರ್ಸ್‌ಗಳು ಮನೆಯವರನ್ನು ಕೂರಿಸಿಕೊಂಡು ಕೈ ತೊಳೆಯುವುದು, ಗಾಯ ನೋಡಿಕೊಳ್ಳುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಹೇಳಿಕೊಡುತ್ತಾರೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಈ ಪಾಠ ಹೋಗಿದೆ.

ಬೆಳಗ್ಗೆ ತಾತನನ್ನು ಐಸಿಯುಗೆ ತರುತ್ತಾರೆ. ಹೊರಗೆ ಕುಳಿತ ಮಗನ ಬಳಿ ಪಾಳಿ ಮುಗಿಸಿದ ಸಿಸ್ಟರ್ ಬಂದು ನಿಲ್ಲುತ್ತಾಳೆ.

"ವಾರ್ಡಿಗೆ ವಾಪಸ್ ಬಂದ ಮೇಲೂ ಹಾಗೇ ನೋಡ್ಕೊಳ್ಳಿ. ಮಾತು ತಪ್ಪಿದ್ರೆ, ಉಸಿರು ಜೋರಾದ್ರೆ, ಎಷ್ಟೊತ್ತಾದ್ರೂ ಕರೀರಿ."

"ಉಸಿರು ಎಷ್ಟಿದ್ರ ಸರಿ ಸಿಸ್ಟರ್?"

"ಹನ್ನೆರಡರಿಂದ ಇಪ್ಪತ್ತು. ಮೊಬೈಲಲ್ಲಿ ಟೈಮ್ ಇಟ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ."