ಪಿಸ್ತೂಲಿನ ಒರೆ, ಸೊಂಟದ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ ಒಂದಕ್ಕೆ ಹೋದಾಗ ಅವರ ಪ್ಯಾಂಟಿನ ಸೊಂಟಕ್ಕೆ ಗ್ಲಾಕ್ ಪಿಸ್ತೂಲು ಸಿಕ್ಕಿಸಿತ್ತು. ಒರೆ ಇರಲಿಲ್ಲ. ಪಿಸ್ತೂಲು ಕಾಲಿನುದ್ದಕ್ಕೂ ಜಾರಿತು, ಗುಂಡು ಹಾರಿ ಅವರದೇ ಬಲತೊಡೆಗೆ ಹೊಕ್ಕಿತು. ಅದೇ ವರ್ಷದ ಫೆಬ್ರುವರಿಯಲ್ಲಿ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ಕ್ಯಾಚ್ ಹಿಡಿದಿದ್ದ ಆಟಗಾರನಿಗೆ, ಮರುವರ್ಷ ಅಕ್ರಮ ಆಯುಧದ ಪ್ರಕರಣದಲ್ಲಿ ಎರಡು ವರ್ಷ ಜೈಲಾಯಿತು. ಆ ರಾತ್ರಿ ಗುಂಡನ್ನು ತಡೆಯಲು ದೊಡ್ಡ ತಂತ್ರಜ್ಞಾನವೇನೂ ಬೇಕಿರಲಿಲ್ಲ. ಟ್ರಿಗರನ್ನು ಮುಚ್ಚಿ, ಪಿಸ್ತೂಲನ್ನು ಇದ್ದಲ್ಲೇ ಹಿಡಿದಿಡುವ ಒಂದು ಗಟ್ಟಿ ಚರ್ಮದ ಒರೆ ಸಾಕಿತ್ತು.

ಈ ಒರೆಗೆ, ಅಂದರೆ ಹೋಲ್‌ಸ್ಟರಿಗೆ, ಅಮೆರಿಕದಲ್ಲಿ ಇರುವಷ್ಟು ಬೆಳೆದ ಕಸುಬು ಮತ್ತೆಲ್ಲೂ ಇಲ್ಲ. ಬಟ್ಟೆಯೊಳಗೆ ಮರೆಮಾಡಿಕೊಂಡು ಪಿಸ್ತೂಲು ಒಯ್ಯುವ ಪರವಾನಗಿಯನ್ನು ಫ್ಲೋರಿಡಾ 1987ರಲ್ಲಿ ಸಲೀಸು ಮಾಡಿತು, ಒಂದೊಂದಾಗಿ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. 2022ರ ಬ್ರೂಯೆನ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯಾಚೆಯೂ ಆಯುಧ ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೇ ಬೇಡ. ಪರವಾನಗಿಯ ಜೊತೆಗೆ ಬರುತ್ತಿದ್ದ ತರಬೇತಿಯೂ ಕಡ್ಡಾಯವಲ್ಲ ಎಂದಾದ ಮೇಲೆ, ಗುಂಡಿಗೂ ಅಕ್ಕಪಕ್ಕದವರಿಗೂ ನಡುವೆ ಉಳಿಯುವ ಮುಖ್ಯ ತಡೆ ಈ ಒರೆಯೇ. ಅಂಥ ವಸ್ತುವನ್ನು ಆರಿಸುವಾಗ ಆರಾಮವನ್ನು ಕೇಳುವುದು ಶೋಕಿಯಲ್ಲ, ಅದು ಸುರಕ್ಷತೆಯದೇ ಮಾತು ಎಂಬುದು ಈ ಲೇಖನದ ವಾದ.

ಯಾಕೆಂದರೆ ಚುಚ್ಚುವ ಒರೆಯನ್ನು ಯಾರೂ ಬಹಳ ದಿನ ತೊಡುವುದಿಲ್ಲ. ಗ್ಲಾಕ್ 19 ಎಂಬ ಮಧ್ಯಮ ಗಾತ್ರದ ಪಿಸ್ತೂಲು ಗುಂಡು ತುಂಬಿದಾಗ ಸುಮಾರು 850 ಗ್ರಾಂ ತೂಗುತ್ತದೆ. ಹೆಚ್ಚುಕಡಿಮೆ ಒಂದು ಕಿಲೋ ಭಾರ ಸೊಂಟದ ಒಂದೇ ಮಗ್ಗುಲಿಗೆ ಜೋತು, ಕೂತಾಗ ಪಕ್ಕೆಗೆ ಒತ್ತಿ, ಬಗ್ಗಿದಾಗ ತೊಡೆಸಂದಿಗೆ ತಿವಿದರೆ, ಮೂರನೇ ದಿನಕ್ಕೆ ಅದು ಕಾರಿನ ಡ್ಯಾಶ್‌ಬೋರ್ಡಿಗೋ ಕೈಚೀಲಕ್ಕೋ ಹೋಗುತ್ತದೆ. ಕಾರಿನಿಂದ ಕದ್ದ ಪಿಸ್ತೂಲು ಕಳ್ಳರ ಕೈಗೆ ಸೇರುತ್ತದೆ. ಕೈಚೀಲದ ಕಥೆ ಇನ್ನೂ ಘೋರ. 2014ರ ಡಿಸೆಂಬರ್‌ನಲ್ಲಿ ಐಡಹೊ ರಾಜ್ಯದ ಹೇಡನ್ ಎಂಬಲ್ಲಿ, ಅಂಗಡಿಯ ತಳ್ಳುಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ತಾಯಿಯ ಚೀಲಕ್ಕೆ ಕೈಹಾಕಿತು, ಒಳಗಿದ್ದ ಪಿಸ್ತೂಲಿನಿಂದ ಗುಂಡು ಹಾರಿ ತಾಯಿ ಸತ್ತರು. ಪಿಸ್ತೂಲು ಇಡಲೆಂದೇ ಜಿಪ್ ಹಾಕಿ ಹೊಲಿದ ಖಾನೆಯಿದ್ದ ಚೀಲ ಅದು. ಒಯ್ಯಲೇಬೇಕೆಂದು ನಿರ್ಧರಿಸಿದವರ ಪಿಸ್ತೂಲು ಅವರ ಮೈಮೇಲೇ ಇರಬೇಕು. ದಿನವಿಡೀ ಮೈಮೇಲೆ ಇರಬೇಕಾದರೆ ಅದು ಮೈಗೆ ಹೊಂದಬೇಕು.

ಹಾಗಾದರೆ ಮೆತ್ತನೆಯದನ್ನೇ ಕೊಂಡರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನೈಲಾನ್ ಬಟ್ಟೆಯ ಅಗ್ಗದ ಒರೆಗಳು ಅಂಗಡಿಯಲ್ಲಿ ತೊಟ್ಟು ನೋಡಿದಾಗ ಹಿತವೆನಿಸುವುದೂ ನಿಜ. ಆದರೆ ಮೆತ್ತನೆಯ ಒರೆ ಮೈಯ ಒತ್ತಡಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲು ಹೊರಬಂದ ಕೂಡಲೇ ಅದರ ಬಾಯಿ ಮುಚ್ಚಿಹೋಗುತ್ತದೆ. ಮತ್ತೆ ಒಳಗಿಡುವಾಗ ಮಡಚಿದ ಅಂಚೋ ಅಂಗಿಯ ಚುಂಗೋ ಟ್ರಿಗರಿನೊಳಗೆ ತೂರಿಕೊಂಡರೆ, ಅದು ಬೆರಳು ಮಾಡುವ ಕೆಲಸವನ್ನೇ ಮಾಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಮಾದಕವಸ್ತು ಪತ್ತೆದಳದ ಮಫ್ತಿ ಅಧಿಕಾರಿಯಾಗಿದ್ದ ಬ್ರೂಸ್ ನೆಲ್ಸನ್ 1970ರ ದಶಕದಲ್ಲಿ ರೂಪಿಸಿದ ‘ಸಮ್ಮರ್ ಸ್ಪೆಷಲ್’ ಈ ತೊಡಕನ್ನೇ ಬಿಡಿಸಿತು. ಪ್ಯಾಂಟಿನ ಒಳಗೆ ಕೂರುವ ತೆಳುವಾದ ಚರ್ಮದ ಒರೆ, ಬಾಯಿಯ ಸುತ್ತ ಲೋಹದ ಪಟ್ಟಿ ಸೇರಿಸಿ ಹೊಲಿದ ದಪ್ಪ ಅಂಚು. ಚರ್ಮದ ಒರಟು ಮಗ್ಗುಲು ಹೊರಗಿರುವುದರಿಂದ ಬಟ್ಟೆಗೆ ಕಚ್ಚಿಕೊಂಡು ನಿಲ್ಲುತ್ತದೆ, ನುಣುಪು ಮಗ್ಗುಲಿನ ಮೇಲೆ ಪಿಸ್ತೂಲು ಸರಾಗ ಜಾರುತ್ತದೆ. ಮಿಲ್ಟ್ ಸ್ಪಾರ್ಕ್ಸ್ ಅವರ ಕಾರ್ಖಾನೆ ಅದನ್ನು ತಯಾರಿಸಿ ಹೆಸರಾಯಿತು. ಗಟ್ಟಿಯಾಗಿದ್ದೂ ಹಿತವಾಗಿರಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಗಟ್ಟಿತನ ಚರ್ಮಕ್ಕೆ ಹದದಿಂದ ಬರುತ್ತದೆ. ಕ್ರೋಮ್ ಉಪ್ಪಿನಲ್ಲಿ ಹದಮಾಡಿದ ಚರ್ಮ ಜಾಕೆಟ್ಟಿಗೆ ಚೆನ್ನ, ಕೊಟ್ಟ ಆಕಾರವನ್ನು ಅದು ಹಿಡಿದಿಡುವುದಿಲ್ಲ. ಒರೆಗೆ ಬೇಕಾದದ್ದು ಮರದ ತೊಗಟೆಯ ಒಗರಿನಲ್ಲಿ ಹದಗೊಂಡ ದನದ ಚರ್ಮ. ನಮ್ಮ ಸೀಮೆಯಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದುದೂ ಇದೇ ಗುಣಕ್ಕೆ. ಕಸುಬುದಾರ ಹೊಲಿದ ಒರೆಯನ್ನು ನೀರಲ್ಲಿ ಅದ್ದಿ, ಒಳಗೆ ಪಿಸ್ತೂಲಿನದೇ ಅಳತೆಯ ಅಚ್ಚನ್ನು ತೂರಿಸಿ, ಹೆಬ್ಬೆರಳಿನಿಂದಲೂ ಮೂಳೆಯ ಉಜ್ಜುಗೋಲಿನಿಂದಲೂ ಏಣು ಏಣನ್ನು ತೀಡುತ್ತಾನೆ. ಟ್ರಿಗರಿನ ಸುತ್ತಣ ಕಮಾನು ಚರ್ಮದ ಮೇಲೆ ಉಬ್ಬಿ ಕಾಣುವವರೆಗೂ ತೀಡುತ್ತಾನೆ. ಒಣಗಿದ ಮೇಲೆ ಆ ಚರ್ಮ ಮರದ ಹಲಗೆಯಂತೆ ಬಿಗಿಯುತ್ತದೆ. ಇನ್ನೊಂದು ವಸ್ತು ಕೈಡೆಕ್ಸ್. ವಿಮಾನದ ಒಳಮೈಗೆಂದು 1960ರ ದಶಕದಲ್ಲಿ ಬಂದ ಈ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಒತ್ತಿದರೆ ಕೆಲವೇ ನಿಮಿಷದಲ್ಲಿ ಒರೆ ಸಿದ್ಧ. ಬೆವರು ಹೀರದು, ಸಡಿಲಗೊಳ್ಳದು, ಪಿಸ್ತೂಲು ಕೂತಾಗ ಟಕ್ಕೆಂದು ಕೇಳಿಸುತ್ತದೆ. ಚರ್ಮ ದಿನಕಳೆದಂತೆ ಮೈಗೆ ಬಾಗಿಕೊಳ್ಳುತ್ತದೆ, ಕೈಡೆಕ್ಸ್ ಬಾಗದು. ಆದರೆ ಹಳತಾಗಿ ಬಾಯಿ ಜೋತುಬಿದ್ದ ಚರ್ಮದ ಒರೆಯನ್ನು ಮಮತೆಯಿಂದ ಉಳಿಸಿಕೊಳ್ಳುವುದು ತಪ್ಪು.

ಚಿಕ್ಕ ಪಿಸ್ತೂಲು ಕೊಂಡರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. 2018ರಲ್ಲಿ ಬಂದ ಸಿಗ್ ಪಿ365 ಗುಂಡಿಲ್ಲದೆ ಸುಮಾರು ಅರ್ಧ ಕಿಲೋದ್ದು, ಅಗಲ ಒಂದೇ ಅಂಗುಲ. ಅದರ ಅನುಕೂಲ ದೊಡ್ಡದೇ. ಆದರೂ ಹಿತವನ್ನು ನಿರ್ಧರಿಸುವುದು ತೂಕವೊಂದೇ ಅಲ್ಲ, ಸನ್ನೆಗೋಲಿನ ನಿಯಮವೂ ಹೌದು. ಹೊಕ್ಕುಳಿನ ಬಲಕ್ಕೆ, ಅಪೆಂಡಿಕ್ಸ್ ಇರುವೆಡೆ ಒರೆ ತೊಡುವ ರೂಢಿ ಈಗ ಹೆಚ್ಚು. ಅಲ್ಲಿ ನಳಿಗೆ ತೀರ ಗಿಡ್ಡವಿದ್ದರೆ ಭಾರವೆಲ್ಲ ಬೆಲ್ಟಿನ ಮೇಲಕ್ಕೆ ಉಳಿದು ಪಿಸ್ತೂಲಿನ ಹಿಡಿ ಹೊರಕ್ಕೆ ಮಗುಚುತ್ತದೆ. ಒರೆ ಇನ್ನೆರಡು ಅಂಗುಲ ಉದ್ದವಿದ್ದರೆ ಕೆಳತುದಿ ಹೊಟ್ಟೆಗೆ ಆನಿಕೊಂಡು ಹಿಡಿಯನ್ನು ಮೈಕಡೆಗೆ ದೂಡುತ್ತದೆ. ತುದಿಗೆ ಅಂಟಿಸುವ ಸ್ಪಂಜಿನ ತುಂಡು ಮಾಡುವುದೂ ಅದನ್ನೇ. ದುಬಾರಿ ಒರೆ ಕೊಂಡು ಸಾದಾ ಬೆಲ್ಟಿಗೆ ಸಿಕ್ಕಿಸುವವರು ಒಂದು ಮಾತು ಮರೆಯುತ್ತಾರೆ: ಬೆಲ್ಟು ಬಾಗಿದರೆ ಒರೆ ನಿಲ್ಲದು. ಒಳಗೆ ತೊಡುವವರಿಗೆ ಒಂದೆರಡು ಅಂಗುಲ ಸಡಿಲವಾದ ಪ್ಯಾಂಟೂ ಬೇಕು. ಬೆನ್ನಿನ ನಡುವೆ, ಬೆನ್ನುಮೂಳೆಯ ಮೇಲೆ ತೊಡುವುದು ನಿಂತಾಗ ಹಿತ, ಬಿದ್ದರೆ ಅನಾಹುತ. ಅದನ್ನು ಬಿಡುವುದೇ ಲೇಸು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಒಯ್ಯುವುದನ್ನೇ ಪ್ರಶ್ನಿಸಬೇಕಾದಲ್ಲಿ ಒಯ್ಯುವವರ ಹಿತದ ಚರ್ಚೆ ಯಾಕೆ? ಆ ಪ್ರಶ್ನೆ ನ್ಯಾಯವಾದದ್ದು, ಅಮೆರಿಕದಲ್ಲೂ ಅದು ತೀರಿಲ್ಲ. ಆದರೆ ಅದು ತೀರುವವರೆಗೆ ಕೋಟ್ಯಂತರ ಪಿಸ್ತೂಲುಗಳು ಮಾಯವಾಗುವುದಿಲ್ಲ, ಕೆಟ್ಟ ಒರೆಯ ಬೆಲೆಯನ್ನು ಪಕ್ಕದಲ್ಲಿ ನಿಂತ ಮಗುವೂ ತೆರುತ್ತದೆ. ಪಿಸ್ತೂಲು ಅಪರೂಪವಾದ ನಮ್ಮಲ್ಲೂ ಕಾನೂನು ಇದನ್ನು ಗಮನಿಸಿದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಇದ್ದವರೂ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲೋ ಅಂಥದೇ ಚೀಲದಲ್ಲೋ ಪೂರ್ತಿ ಮುಚ್ಚಿ, ತಮ್ಮ ಹತೋಟಿಯಲ್ಲೇ ಇಟ್ಟು ಒಯ್ಯಬೇಕು. ಆಯುಧದ ಭಾರವನ್ನು ಮೈಗೆ ಹೊಂದಿಸುವ ಜಾಣ್ಮೆಯೂ ನಮಗೆ ಹೊಸತಲ್ಲ. ಕೊಡವರ ಒಡಿಕತ್ತಿ ಬೆನ್ನಹಿಂದೆ ಸೊಂಟಕ್ಕೆ ಬಿಗಿದ ಹಿತ್ತಾಳೆಯ ತೊಡಂಗ್‌ನಲ್ಲಿ ಕೂರುತ್ತದೆ. ಅಗಲವಾದ ಅಲಗು ನಡಿಗೆಗೆ ಅಡ್ಡ ಬರದು, ಎರಡೂ ಕೈ ಬಿಡುವಾಗಿರುತ್ತವೆ.

ಒರೆಯನ್ನು ಅಂಗಡಿಯ ಕನ್ನಡಿಯ ಮುಂದೆ ನಿಂತು ತೀರ್ಮಾನಿಸಲಾಗದು. ಗುಂಡುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ಖಾಲಿ ಪಿಸ್ತೂಲಿನೊಂದಿಗೆ ಒಂದು ವಾರ ಮನೆಯಲ್ಲೇ ತೊಟ್ಟು ನೋಡಬೇಕು: ಊಟಕ್ಕೆ ಕೂರುವಾಗ, ಚಪ್ಪಲಿ ಹಾಕಿಕೊಳ್ಳಲು ಬಗ್ಗುವಾಗ, ಕಾರಿನ ಬೆಲ್ಟು ಎಳೆದುಕೊಳ್ಳುವಾಗ. ಎಲ್ಲಿ ಒತ್ತುತ್ತದೆಯೋ ಅಲ್ಲಿ ಎತ್ತರವನ್ನೋ ವಾಲಿಕೆಯನ್ನೋ ಒಂದು ಗೆರೆಯಷ್ಟು ಬದಲಿಸಿ ನೋಡಬೇಕು. ಪಿಸ್ತೂಲನ್ನು ಒಳಗಿಡುವಾಗ ಅವಸರ ಬೇಡ. ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರ ಚಾಚಿ, ಒರೆಯ ಬಾಯಲ್ಲಿ ಏನೂ ಸಿಕ್ಕಿಲ್ಲವೆಂದು ಕಣ್ಣಿಂದ ನೋಡಿಕೊಂಡೇ ಇಳಿಸಬೇಕು, ಟಕ್ಕೆಂಬ ಸದ್ದು ಕೇಳುವವರೆಗೆ.